ಸೈಕಲ್ಲಿಗೆ ಸ್ಪ್ರಿಂಗ್ ಬಂದ ಕಥೆ

ಇವತ್ತಿನ ಮಾತು ಗುಡ್ಡ ಹತ್ತಿ ಇಳಿಯುವ ಸೈಕಲ್ಲಿನದು. ಅದರಲ್ಲೂ ಮುಂದೆ ಹಿಂದೆ ಎರಡೂ ಕಡೆ ಶಾಕ್ ಇರುವ ಸೈಕಲ್ಲಿನದು. ಇಂಥದ್ದಕ್ಕೆ ಫುಲ್ ಸಸ್ಪೆನ್ಷನ್ ಮೌಂಟೇನ್ ಬೈಕ್ ಅನ್ನುತ್ತಾರೆ. ನೋಡಿದರೆ ನಿನ್ನೆ ಮೊನ್ನೆ ಹುಟ್ಟಿದ ಯಂತ್ರದ ಹಾಗೆ ಕಾಣುತ್ತದೆ. ಆದರೆ ಸೈಕಲ್ಲಿನ ಚೌಕಟ್ಟಿಗೆ ಸ್ಪ್ರಿಂಗ್ ಹಾಕಿ ಬೀದಿಗೆ ಬಿಟ್ಟಾಗ, ಡನ್‌ಲಪ್‌ನ ಗಾಳಿ ಟೈರು ಇನ್ನೂ ಬಂದಿರಲಿಲ್ಲ.

1885ರ ಇಂಗ್ಲೆಂಡ್. ಇವತ್ತು ನಾವು ತುಳಿಯುವ ಆಕಾರದ ಸೈಕಲ್ಲು ಆಗಷ್ಟೇ ರೂಪ ಪಡೆಯುತ್ತಿತ್ತು. ಟೈರು ಗಟ್ಟಿ ರಬ್ಬರಿನದು, ರಸ್ತೆ ಕಲ್ಲು ಹಾಸಿನದು. ಕೂತವನ ಬೆನ್ನು ಏನಾಗಬೇಕು! ಲಿನ್ಲಿ ಮತ್ತು ಬಿಗ್ಸ್ ಎಂಬ ತಯಾರಕರು ಆ ಕಾಲಕ್ಕೆ ‘ವಿಪೆಟ್’ ಎಂಬ ಸೈಕಲ್ ತಂದರು. ಅದರಲ್ಲಿ ಸೀಟು, ಹ್ಯಾಂಡಲ್, ಪೆಡಲ್ ಮೂರೂ ಸೇರಿ ಒಂದು ಗಟ್ಟಿ ತ್ರಿಕೋನ. ಚಕ್ರಗಳಿಗೆ ಬೇರೆ ಚೌಕಟ್ಟು. ಎರಡರ ನಡುವೆ ಸ್ಪ್ರಿಂಗ್. ಚಕ್ರ ಎಷ್ಟೇ ಕುಣಿದರೂ ಸವಾರನ ಕೈ, ಕಾಲು, ಸೀಟಿನ ನಡುವಿನ ಅಂತರ ಬದಲಾಗುತ್ತಿರಲಿಲ್ಲ. ಈ ಸಂಗತಿಯನ್ನು ಸ್ವಲ್ಪ ನೆನಪಿಡಿ. ನೂರು ವರ್ಷದ ಮೇಲೆ ಇದನ್ನು ಮರೆತವರು ಪಾಡು ಪಟ್ಟಿದ್ದನ್ನು ಮುಂದೆ ಹೇಳುತ್ತೇನೆ.

ವಿಪೆಟ್‌ನ ಬಾಳು ಚಿಕ್ಕದಾಯಿತು. 1888ರಲ್ಲಿ ಬೆಲ್‌ಫಾಸ್ಟ್‌ನ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್, ಮಗನ ಮೂರು ಚಕ್ರದ ಸೈಕಲ್ಲಿಗೆಂದು ಮಾಡಿದ ಗಾಳಿ ಟೈರಿಗೆ ಪೇಟೆಂಟ್ ಪಡೆದ. ಮರುವರ್ಷ ವಿಲಿಯಂ ಹ್ಯೂಮ್ ಎಂಬ ಸವಾರ ಆ ಟೈರು ಹಾಕಿಕೊಂಡು ಬೆಲ್‌ಫಾಸ್ಟ್‌ನ ರೇಸುಗಳನ್ನು ಗೆದ್ದ. ಅಲ್ಲಿಗೆ ಸ್ಪ್ರಿಂಗ್ ಚೌಕಟ್ಟಿನ ಕಾಲ ಮುಗಿಯಿತು. ಹಗುರ, ಅಗ್ಗ, ಸರಳ ಅನ್ನುವ ಮೂರರಲ್ಲೂ ಗಾಳಿಯೇ ಮೇಲಾಯಿತು. ಅಲ್ಲಿಂದ ಮುಂದೆ ಸುಮಾರು ನೂರು ವರ್ಷ ಹೆಚ್ಚಿನ ಸೈಕಲ್ ಸವಾರರಿಗೆ ಟೈರೇ ಗತಿ.

ಈಗ 1976ರ ಕ್ಯಾಲಿಫೋರ್ನಿಯಾಕ್ಕೆ ಬನ್ನಿ. ಸ್ಯಾನ್ ಫ್ರಾನ್ಸಿಸ್ಕೊದ ಉತ್ತರಕ್ಕೆ ಮರಿನ್ ಕೌಂಟಿ, ಅಲ್ಲಿ ಟಮಲ್‌ಪಯಸ್ ಬೆಟ್ಟ. ಅಲ್ಲಿನ ಹುಡುಗರು 1930–40ರ ದಶಕದ ಶ್ವಿನ್ ಕಂಪನಿಯ ದಪ್ಪ ಟೈರಿನ ಹಳೇ ಸೈಕಲ್ಲುಗಳನ್ನು ಗುಜರಿಯಿಂದ ಹುಡುಕಿ ತರುತ್ತಿದ್ದರು. ಒಂದೊಂದೂ ಸುಮಾರು ಇಪ್ಪತ್ತು ಕಿಲೋ ಭಾರ. ಅದನ್ನು ಬೆಟ್ಟದ ಮೇಲಕ್ಕೆ ಒಯ್ದು ಮಣ್ಣಿನ ದಾರಿಯಲ್ಲಿ ಕೆಳಕ್ಕೆ ಬಿಡುವುದು ಅವರ ಆಟ. ಫೇರ್‌ಫ್ಯಾಕ್ಸ್ ಊರಿನ ಮೇಲಿನ ಒಂದು ದಾರಿ ಸುಮಾರು ಮೂರೂಕಾಲು ಕಿಲೋಮೀಟರಿನೊಳಗೆ 400 ಮೀಟರ್ ಇಳಿಯುತ್ತದೆ. ಆ ಸೈಕಲ್ಲುಗಳಿಗೆ ಬ್ರೇಕ್ ಇದ್ದದ್ದು ಹಿಂದಿನ ಚಕ್ರದ ಹಬ್ಬಿನೊಳಗೆ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುತ್ತಿತ್ತು. ಕೆಳಗೆ ತಲುಪುವ ಹೊತ್ತಿಗೆ ಹಬ್ಬು ಕಾದು, ಒಳಗಿನ ಗ್ರೀಸು ಸುಟ್ಟು ಹೊಗೆ ಬರುತ್ತಿತ್ತು. ಮತ್ತೆ ಇಳಿಯಬೇಕೆಂದರೆ ಹಬ್ಬು ಬಿಚ್ಚಿ ಹೊಸ ಗ್ರೀಸು ತುಂಬಬೇಕು. ಆ ದಾರಿಗೆ ರೀಪ್ಯಾಕ್ ಎಂಬ ಹೆಸರು ಬಿದ್ದದ್ದು ಇದರಿಂದಲೇ.

1976ರ ಅಕ್ಟೋಬರ್ 21ರಂದು ಅಲ್ಲಿ ಮೊದಲ ಪಂದ್ಯ ನಡೆಯಿತು. ಗೆದ್ದವನು ಅಲನ್ ಬಾಂಡ್ಸ್. ಗೆಲ್ಲಲು ಕಾರಣ, ಬೀಳದೆ ಕೆಳಗೆ ಬಂದವನು ಅವನೊಬ್ಬನೇ! ಚಾರ್ಲಿ ಕೆಲ್ಲಿ, ಗ್ಯಾರಿ ಫಿಶರ್, ಜೋ ಬ್ರೀಜ್ ಇವರೆಲ್ಲ ಈ ಬಳಗದವರು. 1977ರಲ್ಲಿ ಬ್ರೀಜ್ ಗುಡ್ಡಕ್ಕೆಂದೇ ಹೊಸ ಚೌಕಟ್ಟು ಬೆಸೆದ. 1979ರಲ್ಲಿ ಫಿಶರ್ ಮತ್ತು ಕೆಲ್ಲಿ, ಟಾಮ್ ರಿಚಿ ಕಟ್ಟಿದ ಚೌಕಟ್ಟುಗಳನ್ನು ಮಾರಲು ಅಂಗಡಿ ತೆರೆದರು. 1981ರಲ್ಲಿ ಸ್ಪೆಶಲೈಸ್ಡ್ ಕಂಪನಿಯ ‘ಸ್ಟಂಪ್‌ಜಂಪರ್’ ಬಂದ ಮೇಲೆ ಯಾರು ಬೇಕಾದರೂ ಅಂಗಡಿಗೆ ಹೋಗಿ ಮೌಂಟೇನ್ ಬೈಕ್ ಕೊಳ್ಳುವಂತಾಯಿತು. ಆದರೆ ಆಗ ಬಂದ ಸೈಕಲ್ಲುಗಳಲ್ಲಿ ಸ್ಪ್ರಿಂಗ್ ಇರಲಿಲ್ಲ. ಸವಾರನ ಮೊಣಕೈ ಮೊಣಕಾಲುಗಳೇ ಶಾಕ್.

ಸ್ಪ್ರಿಂಗ್ ಮತ್ತೆ ಬಂದದ್ದು ಮೋಟಾರ್‌ಸೈಕಲ್ಲಿನ ಕಡೆಯಿಂದ. ಮೋಟೊಕ್ರಾಸ್ ಹಿನ್ನೆಲೆಯ ಪಾಲ್ ಟರ್ನರ್ ಮತ್ತು ಸ್ಟೀವ್ ಸೈಮನ್ಸ್ ಸೇರಿ ರಾಕ್‌ಶಾಕ್ಸ್ ಎಂಬ ಫೋರ್ಕ್, ಅಂದರೆ ಮುಂದಿನ ಚಕ್ರ ಹಿಡಿಯುವ ಶಾಕ್ ಇರುವ ಕವಲು, ಮಾಡಿದರು. ಅದು ಒಳಕ್ಕೆ ಜಾರುತ್ತಿದ್ದದ್ದು ಎರಡು ಇಂಚಿಗೂ ಕಡಿಮೆ. ಭಾರ, ದುಬಾರಿ, ತುಳಿದ ಬಲವೆಲ್ಲ ಅದಕ್ಕೇ ಹೋಗುತ್ತದೆ ಎಂದು ಮೂಗು ಮುರಿದವರು ಬಹಳ. 1990ರಲ್ಲಿ ಕೊಲೊರಾಡೊದ ಡ್ಯುರಾಂಗೊದಲ್ಲಿ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ನಡೆದಾಗ ಗ್ರೆಗ್ ಹರ್ಬೋಲ್ಡ್ ಅದೇ ಫೋರ್ಕ್ ಹಾಕಿಕೊಂಡು ಇಳಿಜಾರಿನ ಪಂದ್ಯ ಗೆದ್ದ. ಮುಂದಿನ ಚಕ್ರದ ವಾದ ಬಹುಮಟ್ಟಿಗೆ ಅಲ್ಲಿಗೆ ತೀರ್ಮಾನವಾಯಿತು.

ಹಿಂದಿನ ಚಕ್ರದ ಕಥೆ ಅಷ್ಟು ಸಲೀಸಲ್ಲ. ಯಾಕೆಂದರೆ ಅಲ್ಲಿ ಚೈನಿದೆ. ಮುಂದಿನ ಚಕ್ರಕ್ಕೆ ನೆಲ ಕೊಡುವ ಪೆಟ್ಟೊಂದೇ ಲೆಕ್ಕ. ಹಿಂದಿನ ಚಕ್ರಕ್ಕೆ ಎರಡು ಕಡೆಯಿಂದ ಬಲ ಬರುತ್ತದೆ: ಕೆಳಗಿನಿಂದ ನೆಲ, ಮುಂದಿನಿಂದ ಚೈನು. ಚಕ್ರ ಮೇಲೆ ಸರಿದಾಗ ಪೆಡಲಿನಿಂದ ಅದಕ್ಕಿರುವ ದೂರ ಬದಲಾಗುತ್ತದೆ, ಚೈನು ಎಳೆಯುತ್ತದೆ. ಇತ್ತ ಕಾಲು ತುಳಿದಾಗಲೆಲ್ಲ ಮೈಭಾರ ಹಿಂದಕ್ಕೆ ಸರಿದು ಶಾಕ್ ಕುಸಿಯುತ್ತದೆ. ಏರಿನಲ್ಲಿ ನೀವು ತುಳಿದದ್ದು ಮುಂದಕ್ಕೆ ಹೋಗುವ ಬದಲು ಮೇಲೆ ಕೆಳಗೆ ಕುಪ್ಪಳಿಸುವುದರಲ್ಲೇ ಕಳೆದುಹೋಗುತ್ತದೆ. ನೆಲದ ಪೆಟ್ಟು ನುಂಗಬೇಕು, ಕಾಲಿನ ಬಲ ನುಂಗಬಾರದು. ಮುಂದಿನ ಮೂವತ್ತು ವರ್ಷದ ಕಥೆಯೆಲ್ಲ ಈ ಒಂದು ಸಾಲಿನ ಸುತ್ತ ನಡೆದದ್ದು.

90ರ ದಶಕದಲ್ಲಿ ಒಂದು ಉಪಾಯ ಬಲು ಜನಪ್ರಿಯವಾಯಿತು. ಪೆಡಲು, ಚೈನು, ಹಿಂದಿನ ಚಕ್ರ ಎಲ್ಲವನ್ನೂ ಒಂದೇ ತುಂಡಿಗೆ ಕಟ್ಟಿ, ಆ ತುಂಡೇ ಅಲುಗುವಂತೆ ಮಾಡುವುದು. ಟ್ರೆಕ್ ಕಂಪನಿಯ ವೈ ಆಕಾರದ ಸೈಕಲ್ಲುಗಳು ಈ ಜಾತಿಯವು. ಚೈನಿನ ಎಳೆದಾಟ ತಪ್ಪಿತು, ನಿಜ. ಆದರೆ ಸವಾರ ಸೀಟಿನಿಂದ ಎದ್ದು ಪೆಡಲಿನ ಮೇಲೆ ನಿಂತೊಡನೆ ಅವನ ಭಾರವೆಲ್ಲ ಹಿಂದಿನ ತುಂಡಿನ ಮೇಲೆ ಬಿದ್ದು ಶಾಕ್ ಬಹುತೇಕ ಸತ್ತಂತಾಗುತ್ತಿತ್ತು. ಕಲ್ಲು ಬೇರುಗಳ ಇಳಿಜಾರಿನಲ್ಲಿ ಕೂತಿರುವವರು ಯಾರು? ಎಲ್ಲರೂ ನಿಲ್ಲುವುದೇ ಅಲ್ಲಿ. ಸಾಲದ್ದಕ್ಕೆ ಸೀಟಿಗೂ ಪೆಡಲಿಗೂ ನಡುವಿನ ಅಂತರ ಗುಂಡಿ ಗುಂಡಿಗೆ ಬದಲಾಗುತ್ತಿತ್ತು. 1885ರ ವಿಪೆಟ್ ಕಾಪಾಡಿಕೊಂಡಿದ್ದನ್ನೇ ಇವು ಬಿಟ್ಟುಕೊಟ್ಟಿದ್ದವು.

ಬೇರೊಂದು ದಾರಿ ಹಿಡಿದವನು ಹಾರ್ಸ್ಟ್ ಲೈಟ್ನರ್. ಆಸ್ಟ್ರಿಯಾದಿಂದ ಕ್ಯಾಲಿಫೋರ್ನಿಯಾಕ್ಕೆ ಬಂದ ಮೋಟೊಕ್ರಾಸ್ ಸವಾರ. ಚೈನಿನ ಎಳೆತ ಶಾಕನ್ನು ಹೇಗೆ ಕೆಡಿಸುತ್ತದೆ ಎಂದು ಮೋಟಾರ್‌ಸೈಕಲ್ಲುಗಳಲ್ಲೇ ತಲೆ ಕೆಡಿಸಿಕೊಂಡಿದ್ದವನು. ಅವನು ಹಿಂದಿನ ಅಚ್ಚಿನ ಮುಂದುಗಡೆ, ಸ್ವಲ್ಪ ಕೆಳಗೆ, ಒಂದು ಪುಟ್ಟ ಕೀಲು ಇಟ್ಟ. ಕೀಲು ಅಷ್ಟೇ! ಆದರೆ ಅದರಿಂದ ಚಕ್ರ ಒಂದೇ ತೋಳಿಗೆ ಅಂಟಿಕೊಳ್ಳದೆ ಕೀಲುಗಳ ಸಾಲಿನ ನಡುವೆ ತೇಲುವಂತಾಯಿತು. ಬ್ರೇಕ್ ಹಿಡಿದಾಗಲೂ ಶಾಕ್ ಬಿಗಿಯುವುದು ಕಡಿಮೆಯಾಯಿತು. ಆ ಕೀಲಿನ ಪೇಟೆಂಟನ್ನು 1998ರಲ್ಲಿ ಸ್ಪೆಶಲೈಸ್ಡ್ ಕಂಪನಿ ಕೊಂಡಿತು. ಅಮೆರಿಕದಲ್ಲಿ ಮಾರಬೇಕಿದ್ದ ಇತರ ತಯಾರಕರು ಲೈಸೆನ್ಸ್ ಹಣ ಕಟ್ಟಬೇಕು, ಇಲ್ಲವೇ ಕೀಲನ್ನು ಬೇರೆ ಕಡೆ ಇಡಬೇಕು. ಪೇಟೆಂಟಿನ ಅವಧಿ ಮುಗಿದದ್ದೇ ತಡ, ಹಲವು ಕಂಪನಿಗಳ ಸೈಕಲ್ಲಿನಲ್ಲಿ ಅದು ಕಾಣಿಸಿಕೊಂಡಿತು. ಅಂಗಡಿಯಲ್ಲಿ ಎರಡು ಸೈಕಲ್ಲುಗಳ ಹಿಂಭಾಗ ಯಾಕೆ ಬೇರೆ ಬೇರೆ ಎಂದು ಕೇಳಿದರೆ, ಉತ್ತರದ ಒಂದು ಪಾಲು ವಿಜ್ಞಾನ, ಇನ್ನೊಂದು ಪಾಲು ವಕೀಲರು.

ಮುಂದೆ ಸ್ಯಾಂಟಾ ಕ್ರೂಜ್ ಕಂಪನಿ ಎರಡು ಗಿಡ್ಡ ತೋಳುಗಳ ವಿನ್ಯಾಸವನ್ನು ತನ್ನದಾಗಿಸಿಕೊಂಡಿತು. ಡೇವ್ ವೀಗಲ್ ಎಂಬ ಎಂಜಿನಿಯರ್ ಚೈನಿನ ಎಳೆತವನ್ನು ಶತ್ರುವೆಂದು ಓಡಿಸದೆ ಕೆಲಸಕ್ಕೆ ಹಚ್ಚಿದ: ತುಳಿದಾಗ ಮೈಭಾರದಿಂದ ಶಾಕ್ ಎಷ್ಟು ಕುಸಿಯುತ್ತದೋ ಅಷ್ಟನ್ನೇ ಚೈನು ಎತ್ತಿ ಹಿಡಿಯುವಂತೆ ತೋಳುಗಳ ಲೆಕ್ಕ ಹಾಕಿದ. ಚೈನು ಮತ್ತು ಶಾಕಿನ ಜಗಳ ಒಂದು ಹದಕ್ಕೆ ಬಂದದ್ದು ಇಂಥ ಲೆಕ್ಕಗಳಿಂದ.

ಆದರೂ ಒಲಿಂಪಿಕ್ಸ್ ಸವಾರರು ಹಿಂದಿನ ಶಾಕನ್ನು ಬೇಗ ನಂಬಲಿಲ್ಲ. 1996ರ ಅಟ್ಲಾಂಟಾದಲ್ಲಿ ಈ ಕ್ರೀಡೆ ಒಲಿಂಪಿಕ್ಸ್ ಸೇರಿದ ಮೇಲೂ ಪುರುಷರ ಚಿನ್ನ ಹಿಂದೆ ಶಾಕ್ ಇಲ್ಲದ ಸೈಕಲ್ಲುಗಳ ಪಾಲಾಗುತ್ತಲೇ ಬಂತು. 2012ರ ಲಂಡನ್‌ನಲ್ಲಿ ಚೆಕ್ ದೇಶದ ಯಾರೊಸ್ಲಾವ್ ಕುಲ್ಹಾವಿ ಫುಲ್ ಸಸ್ಪೆನ್ಷನ್ ತುಳಿದ. ಸ್ವಿಟ್ಜರ್ಲೆಂಡಿನ ನೀನೊ ಶುರ್ಟರ್ ಹಿಂದೆ ಶಾಕ್ ಇಲ್ಲದ್ದನ್ನು. ಒಂದೂವರೆ ಗಂಟೆ ತುಳಿದ ಮೇಲೆ ಕುಲ್ಹಾವಿ ಗೆದ್ದದ್ದು ಒಂದೇ ಒಂದು ಸೆಕೆಂಡಿನಿಂದ. 2016ರ ರಿಯೊದಲ್ಲಿ ಶುರ್ಟರ್ ಚಿನ್ನ ಗೆದ್ದ. ಆಗ ಅವನ ಸೈಕಲ್ಲಿಗೂ ಹಿಂದೆ ಶಾಕ್ ಇತ್ತು!

ಇದರಿಂದ ನಮಗೇನು ಪಾಠ? ಸಸ್ಪೆನ್ಷನ್ ಇರುವುದು ಬರೀ ಮೆತ್ತಗೆ ಕೂರಿಸಲು ಅಲ್ಲ. ಚಕ್ರ ನೆಲ ಬಿಡದಂತೆ ನೋಡಿಕೊಳ್ಳುವುದು ಅದರ ಕೆಲಸ. ನೆಲ ಬಿಟ್ಟ ಚಕ್ರಕ್ಕೆ ಬ್ರೇಕೂ ಇಲ್ಲ, ತಿರುವೂ ಇಲ್ಲ, ಹಿಡಿತವೂ ಇಲ್ಲ. ಕೊಳ್ಳುವಾಗ ಮನಸ್ಸಿನಲ್ಲಿ ಇದಿರಲಿ.

ನಮ್ಮ ಊರುಗಳಲ್ಲಿ ಹತ್ತು ಹದಿನೈದು ಸಾವಿರಕ್ಕೆ ‘ಡಬಲ್ ಶಾಕ್’ ಸೈಕಲ್ಲು ಸಿಗುತ್ತದೆ. ಮಕ್ಕಳು ಹಟ ಹಿಡಿಯುವುದೂ ಅದಕ್ಕೇ. ಅಂಥವುಗಳಲ್ಲಿ ಸಾಮಾನ್ಯವಾಗಿ ಬರೀ ಸ್ಪ್ರಿಂಗ್ ಇರುತ್ತದೆ, ಅದನ್ನು ಹತೋಟಿಯಲ್ಲಿಡುವ ಎಣ್ಣೆಯ ಡ್ಯಾಂಪರ್ ಇರುವುದಿಲ್ಲ. ಆಫೀಸಿನ ಬಾಗಿಲಿನ ಡೋರ್ ಕ್ಲೋಸರ್ ನೋಡಿ: ಎಣ್ಣೆ ಸೋರಿಹೋದರೆ ಬಾಗಿಲು ಧಡಾರೆಂದು ಬಡಿಯುತ್ತದೆ. ಬರೀ ಸ್ಪ್ರಿಂಗಿನ ಸೈಕಲ್ಲೂ ಹಾಗೇ ಒದೆಯುತ್ತದೆ. ಹಣ ಮಿತವಾಗಿದ್ದರೆ ಹಿಂದೆ ಶಾಕ್ ಇಲ್ಲದ, ಮುಂದೆ ಒಳ್ಳೆಯ ಫೋರ್ಕ್ ಮತ್ತು ಡಿಸ್ಕ್ ಬ್ರೇಕ್ ಇರುವ ಸೈಕಲ್ಲೇ ಮೇಲು.

ನಿಜವಾದ ಫುಲ್ ಸಸ್ಪೆನ್ಷನ್ ಕೊಳ್ಳುವವರು ಮೊದಲು ಕೇಳಿಕೊಳ್ಳಬೇಕಾದದ್ದು, ನಾನು ಎಲ್ಲಿ ತುಳಿಯುತ್ತೇನೆ? ಏರಿಳಿತದ ದೂರದ ದಾರಿಗೆ ಚಕ್ರ 100ರಿಂದ 120 ಮಿಲಿಮೀಟರ್ ಅಲುಗಿದರೆ ಸಾಕು. ಕಲ್ಲು, ಬೇರು, ಸಣ್ಣ ಜಿಗಿತಗಳಿದ್ದರೆ 130–150. ಬರೀ ಇಳಿಜಾರಿನ ರೇಸಿಗೆ 200ರ ಹತ್ತಿರ. ಬೆಂಗಳೂರಿನ ಸುತ್ತಲಿನ ಬಂಡೆಗಳಿಗಾಗಲಿ, ಮಲೆನಾಡಿನ ಕಾಫಿ ತೋಟದ ದಾರಿಗಳಿಗಾಗಲಿ ಮಧ್ಯದ್ದೇ ಧಾರಾಳ. ಹೆಚ್ಚು ಅಲುಗುವುದನ್ನು ಕೊಂಡರೆ ಏರಿನಲ್ಲಿ ಆ ಭಾರವನ್ನೂ ನೀವೇ ಹೊರಬೇಕು.

ಕೊಂಡದ್ದಾಯಿತು. ಇನ್ನು ಹೊಂದಿಸುವುದು. ಗಾಳಿ ಶಾಕ್ ಇರುವ ಸೈಕಲ್ಲು ನಿಮ್ಮ ತೂಕಕ್ಕೆ ಹೊಂದುವವರೆಗೆ ನಿಮ್ಮದಾಗಿರುವುದಿಲ್ಲ. ಮಾಮೂಲು ಪಂಪು ಇದಕ್ಕೆ ನಡೆಯದು. ಶಾಕ್ ಪಂಪು ಅಂತಲೇ ಬೇರೆ ಸಿಗುತ್ತದೆ. ಹೆಲ್ಮೆಟ್, ಶೂ, ನೀರಿನ ಚೀಲ ಎಲ್ಲ ಹಾಕಿಕೊಂಡು ಗೋಡೆಗೆ ಒರಗಿ ಸೈಕಲ್ ಮೇಲೆ ಕೂರಿ. ಶಾಕಿನ ಹೊಳೆಯುವ ಕಡ್ಡಿಯ ಮೇಲೆ ಒಂದು ರಬ್ಬರ್ ಉಂಗುರ ಇರುತ್ತದೆ. ಅದನ್ನು ಸೀಲಿನವರೆಗೆ ಸರಿಸಿ. ಮೈ ಕುಲುಕದೆ ಮೆಲ್ಲಗೆ ಇಳಿಯಿರಿ. ಉಂಗುರ ಎಷ್ಟು ದೂರ ಹೋಗಿದೆ ಅಳೆಯಿರಿ. ಇದಕ್ಕೆ ಸ್ಯಾಗ್ ಅನ್ನುತ್ತಾರೆ. ಶಾಕ್ ಒಟ್ಟು 50 ಮಿಲಿಮೀಟರ್ ಜಾರುವುದಾದರೆ ಉಂಗುರ 13ರಿಂದ 15ರಲ್ಲಿ ನಿಲ್ಲಬೇಕು, ಅಂದರೆ ಶೇಕಡಾ 25–30. ಮುಂದಿನ ಫೋರ್ಕಿಗೆ ಶೇಕಡಾ 15–20 ಸಾಕು. ಹೆಚ್ಚು ಕುಸಿದರೆ ಗಾಳಿ ತುಂಬಿ, ಕಡಿಮೆಯಾದರೆ ಬಿಡಿ. ಪಂಪನ್ನು ಮತ್ತೆ ಸಿಕ್ಕಿಸಿದಾಗ ಮುಳ್ಳು ಕೆಳಗಿಳಿದರೆ ಗಾಬರಿ ಬೇಡ. ಶಾಕ್ ಸೋರಿಲ್ಲ, ಪಂಪಿನ ಖಾಲಿ ಪೈಪಿಗೆ ಅಷ್ಟು ಗಾಳಿ ಹೋಗಿದೆ.

ಆಮೇಲೆ ರೀಬೌಂಡ್. ಸಾಮಾನ್ಯವಾಗಿ ಕೆಂಪು ಬಣ್ಣದ ತಿರುಗಣೆ. ಕುಸಿದ ಶಾಕ್ ಎಷ್ಟು ಬೇಗ ಮೇಲೇಳಬೇಕು ಎಂಬುದು ಇದರ ಕೈಯಲ್ಲಿದೆ. ಫುಟ್‌ಪಾತಿನ ಅಂಚಿನಿಂದ ಕೂತೇ ಇಳಿಯಿರಿ. ಸೈಕಲ್ಲು ಒಮ್ಮೆ ಮೇಲೆದ್ದು ಸುಮ್ಮನಾದರೆ ಸರಿ. ಎರಡು ಮೂರು ಸಲ ತುಯ್ದರೆ ತಿರುಗಣೆಯನ್ನು ನಿಧಾನದ ಕಡೆ ತಿರುಗಿಸಿ. ತೀರಾ ನಿಧಾನವಾದರೆ, ಮುಂದಿನ ಪೆಟ್ಟು ಬರುವುದರೊಳಗೆ ಶಾಕ್ ಏಳುವುದೇ ಇಲ್ಲ. ಸಾಲು ಕಲ್ಲುಗಳ ಮೇಲೆ ಹೋದಂತೆ ಕುಸಿದು ಕುಸಿದು ಕಲ್ಲಾಗುತ್ತದೆ. ಟೈರಿನ ಗಾಳಿಯನ್ನೂ ಮರೆಯಬೇಡಿ. ಡನ್‌ಲಪ್‌ನ ಉಪಾಯ ಇಂದಿಗೂ ಮೊದಲ ಪೆಟ್ಟು ತಿನ್ನುವ ಶಾಕ್. ಕಲ್ಲಿನಂತೆ ಗಾಳಿ ತುಂಬಿದರೆ ಲಕ್ಷಗಟ್ಟಲೆ ಹಣ ಕೊಟ್ಟದ್ದು ನೀರಿನಲ್ಲಿ ಹೋಮ.

ಸವಾರಿಯ ಸುಖ ಸಿಗುವುದು ನೀವೂ ಅಲುಗಿದಾಗ. ಇಳಿಜಾರಿನಲ್ಲಿ ಪೆಡಲು ಎರಡೂ ಸಮವಾಗಿರಲಿ, ಮೊಣಕಾಲು ಮೊಣಕೈ ಮಡಚಿರಲಿ, ಕಣ್ಣು ಚಕ್ರದ ಮುಂದಿನ ಕಲ್ಲನ್ನು ಬಿಟ್ಟು ಆಚೆಯ ತಿರುವಿನ ಮೇಲಿರಲಿ. ನಮ್ಮ ಮಳೆಗಾಲದ ಕೆಸರು ಕೀಲುಗಳ ಬೇರಿಂಗಿಗೆ ಶತ್ರು. ತೊಳೆಯುವಾಗ ಜೋರು ನೀರಿನ ಪೈಪು ಕೀಲಿಗೆ ಹಿಡಿಯಬೇಡಿ. ಬಟ್ಟೆ, ಬ್ರಷ್ಷು ಸಾಕು. ಕೆಲವು ಫೋರ್ಕುಗಳಿಗೆ ತಯಾರಕರು 50 ಗಂಟೆಯ ಸವಾರಿಗೊಮ್ಮೆ ಎಣ್ಣೆ ಬದಲಿಸಲು ಹೇಳಿರುತ್ತಾರೆ. ಈ ಖರ್ಚನ್ನೂ ಕೊಳ್ಳುವ ದಿನವೇ ಲೆಕ್ಕಕ್ಕೆ ಹಿಡಿಯಿರಿ.

ನೂರು ವರ್ಷಕ್ಕೂ ಮೀರಿ ಇಷ್ಟು ಜನ ತಲೆ ಕೆಡಿಸಿಕೊಂಡು ಕೀಲು ಹುಡುಕಿದರು, ತೋಳು ಬದಲಿಸಿದರು, ಪೇಟೆಂಟಿಗೆ ಹಣ ಸುರಿದರು. ಆದರೆ ಕೊನೆಯ ತಿರುಪನ್ನು ತಿರುಗಿಸುವ ಕೆಲಸ ಯಾವ ಕಾರ್ಖಾನೆಯೂ ಮಾಡಿಕೊಡಲಾರದು, ಯಾಕೆಂದರೆ ನಿಮ್ಮ ತೂಕ ಅದಕ್ಕೆ ಗೊತ್ತಿಲ್ಲ. ಹಾಗಾಗಿ ಒಂದು ಮಾತು: ನಿಮ್ಮ ಬಜೆಟ್ ಕೇಳುವ ಮೊದಲು ನಿಮ್ಮ ತೂಕ ಕೇಳುವ ಅಂಗಡಿಯವರು ಸಿಕ್ಕರೆ, ಸೈಕಲ್ಲನ್ನು ಅವರಲ್ಲೇ ಕೊಳ್ಳಿ.