ಮಗುವಿನದೂ ತಪ್ಪಲ್ಲ, ತಾಯಿಯದೂ ತಪ್ಪಲ್ಲ

(ಗಿರಣಿ ಕಾರ್ಮಿಕರು ಮತ್ತು ಚಿಲ್ಲರೆ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)

ಸಂತೆಯ ದಿನ ಅಂಗಡಿಯ ಮುಂದೆ ಮಗುವೊಂದು ಕಿವಿ ಮುಚ್ಚಿಕೊಂಡು ನೆಲಕ್ಕೆ ಬಿದ್ದು ಚೀರುವುದನ್ನು ನಾವೆಲ್ಲ ಕಂಡಿದ್ದೇವೆ. ತಾಯಿ ಎತ್ತಿಕೊಳ್ಳಲು ಹೋದರೆ ಕೊಸರಿಕೊಳ್ಳುತ್ತದೆ. ಸುತ್ತ ಹತ್ತು ಜನ ಸೇರುತ್ತಾರೆ. "ಎರಡು ಬಿಗಿಯಮ್ಮಾ, ಸರಿಹೋಗುತ್ತೆ" ಎನ್ನುವವರೊಬ್ಬರು; "ಗಾಳಿ ಸೋಕಿದೆ, ತಾಯಿತ ಕಟ್ಟಿಸು" ಎನ್ನುವವರು ಇನ್ನೊಬ್ಬರು. ತಾಯಿ ತಲೆ ತಗ್ಗಿಸಿ ಹೊರಟುಹೋಗುತ್ತಾಳೆ. ಮುಂದಿನ ಸಂತೆಗೆ ಆಕೆಯೂ ಇಲ್ಲ, ಮಗುವೂ ಇಲ್ಲ. ಆ ಹತ್ತು ಜನರಲ್ಲಿ ನಾವೂ ಇದ್ದೆವೆಂಬುದನ್ನು ಮೊದಲು ಒಪ್ಪಿಕೊಳ್ಳೋಣ.

ಇಂಥ ಎಷ್ಟೋ ಮಕ್ಕಳಿಗಿರುವುದು ಆಟಿಸಂ. ಮಿದುಳು ಬೆಳೆಯುವ ರೀತಿಯಲ್ಲಿಯೇ ಇರುವ ವ್ಯತ್ಯಾಸವದು, ಅಂಟುಜಾಡ್ಯವಲ್ಲ. ನಮ್ಮ ಕಿವಿಗೆ ಅಭ್ಯಾಸವಾಗಿ ಹೋದ ಲಾರಿಯ ಹಾರನ್ನು ಕೆಲವು ಮಕ್ಕಳಿಗೆ ಸಹಿಸಲಾರದ ಹಿಂಸೆ. ಹೊಡೆದರೆ ಹಿಂಸೆಯ ಮೇಲೆ ಹಿಂಸೆಯಾದೀತು.

ತಾಯಿಯನ್ನು ದೂಷಿಸುವುದರಲ್ಲಿ ಪಂಡಿತರೂ ಹಿಂದೆ ಬಿದ್ದಿರಲಿಲ್ಲ. 1943ರಲ್ಲಿ ಅಮೆರಿಕದ ವೈದ್ಯ ಲಿಯೋ ಕ್ಯಾನರ್ 11 ಮಕ್ಕಳ ಸ್ಥಿತಿಯನ್ನು ವಿವರಿಸಿ ಬರೆದರು. ಅನಂತರ ಬಹಳ ವರ್ಷ, ತಾಯಿಯ ಪ್ರೀತಿ ಸಾಲದೆ ಹೋದುದೇ ಇದಕ್ಕೆ ಕಾರಣವೆಂಬ ವಾದ ಮೆರೆಯಿತು. 1964ರಲ್ಲಿ ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್‌ಲ್ಯಾಂಡ್ ಗ್ರಂಥ ಬರೆದು ಆ ವಾದವನ್ನು ಎದುರಿಸಿದರು. ಅವರೂ ಇಂಥದೇ ಮಗನ ತಂದೆ. ವಿಜ್ಞಾನ ಆ ತಂದೆಯ ಕಡೆಗೇ ನಿಂತಿತು. ಲಸಿಕೆಯಿಂದ ಆಟಿಸಂ ಬರುತ್ತದೆಂಬ ಭಯ ಹಬ್ಬಿಸಿದ 1998ರ ಲೇಖನವನ್ನು ಅದನ್ನು ಅಚ್ಚು ಹಾಕಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿತು. ಪಂಡಿತರೇ ಕೈಬಿಟ್ಟ ಸುಳ್ಳನ್ನು ನಮ್ಮ ಬೀದಿ ಇನ್ನೂ ಹಿಡಿದುಕೊಂಡಿರಬೇಕೆ?

ನಮ್ಮ ದೇಶದ 1995ರ ಅಂಗವಿಕಲರ ಕಾಯಿದೆಯಲ್ಲಿ ಆಟಿಸಂ ಎಂಬ ಹೆಸರೇ ಇರಲಿಲ್ಲ. ತಂದೆತಾಯಿಗಳು ಒಟ್ಟುಗೂಡಿ ದನಿಯೆತ್ತಿದರು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯಲ್ಲಿ ಹೆಸರು ಸೇರಿತು. 2016ರ ಕಾಯಿದೆಯಲ್ಲಿ ಹಕ್ಕು ವಿಸ್ತಾರವಾಯಿತು. ಸರ್ಕಾರದ ನೆರವು ಅಥವಾ ಮಾನ್ಯತೆ ಪಡೆದ ಶಾಲೆಗಳು ಈ ಮಕ್ಕಳನ್ನು ಭೇದವೆಣಿಸದೆ ಸೇರಿಸಿಕೊಳ್ಳಬೇಕು. ಶೇಕಡಾ 40ಕ್ಕೆ ಕಡಮೆಯಿಲ್ಲದ ವೈಕಲ್ಯದ ಪ್ರಮಾಣಪತ್ರವಿದ್ದರೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣ. ಆದರೆ ಹಕ್ಕು ತಿಳಿಯದವನಿಗೆ ಕಾಯಿದೆ ಇದ್ದೂ ಇಲ್ಲದಂತೆ. ಕನಿಷ್ಠ ವೇತನದ ವಿಷಯದಲ್ಲಿ ನಾವು ಕಲಿತ ಪಾಠವೂ ಇದೇ ತಾನೆ?

"ನಾವೇನು ಡಾಕ್ಟರೇ?" ಎಂದು ನೀವು ಕೇಳಬಹುದು. ಡಾಕ್ಟರಾಗಬೇಕಿಲ್ಲ. ವರ್ತಕ ಮಿತ್ರರೇ, ಅಂಗಡಿಯಲ್ಲಿ ಇಂಥ ಮಗು ಕಂಗೆಟ್ಟರೆ ಹಾಡಿನ ಸದ್ದು ತಗ್ಗಿಸಿ, ಗುಂಪು ಚದುರಿಸಿ, ಆ ತಾಯಿಯ ಸಾಮಾನನ್ನು ಮೊದಲು ಕಟ್ಟಿಕೊಡಿ. ಈ ಮಕ್ಕಳು ದೊಡ್ಡವರಾದಾಗ, ಕೆಲಸ ಬಲ್ಲವರಿಗೆ ಕೆಲಸ ಕೊಡಿ. ಕಾರ್ಮಿಕ ಬಂಧುಗಳೇ, ಸಂಗಾತಿಯೊಬ್ಬ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾದ ದಿನ ಅವನೊಂದಿಗೆ ಪಾಳಿ ಬದಲಿಸಿಕೊಳ್ಳಿ. ಚಹಾದಂಗಡಿಯಲ್ಲಿ ಈ ಮಾತು ತೆಗೆಯಿರಿ.

ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದ, ಒಂದೂವರೆ ವರ್ಷವಾದರೂ ಬೇಕಾದುದನ್ನು ಬೆರಳು ಮಾಡಿ ತೋರಿಸದ, ಕಲಿತ ಮಾತನ್ನು ಕಳೆದುಕೊಂಡ ಮಗು ಕಂಡರೆ, ಜಿಲ್ಲಾ ಆಸ್ಪತ್ರೆಯ ಮಕ್ಕಳ ಡಾಕ್ಟರಿಗೆ ತೋರಿಸಲು ಹೇಳಿ. ಕಿವಿಯ ಪರೀಕ್ಷೆಯೂ ಆಗಲಿ. ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಇರುವುದು ನಮ್ಮಂಥವರಿಗಾಗಿಯೇ. ಬೇಗ ತರಬೇತಿ ಆರಂಭಿಸಿದಷ್ಟೂ ಮಗುವಿಗೆ ಅನುಕೂಲ. ಪೂರ್ತಿ ವಾಸಿ ಮಾಡುತ್ತೇವೆಂದು ಹಣ ಕೀಳುವವರ ಕೈಗೆ ಮಾತ್ರ ಬಡವರ ಗಂಟು ಸೇರದಂತೆ ನೋಡಿಕೊಳ್ಳಿ.

ಏಪ್ರಿಲ್ 2 ಆಟಿಸಂ ಜಾಗೃತಿ ದಿನವೆಂದು ವಿಶ್ವಸಂಸ್ಥೆ 2007ರಲ್ಲಿ ಸಾರಿತು. ದಿನಾಚರಣೆ ವರ್ಷಕ್ಕೊಮ್ಮೆ, ಸಂತೆ ವಾರಕ್ಕೊಮ್ಮೆ. ಆ ತಾಯಿ ಮಗುವಿನ ಕೈ ಹಿಡಿದು, ತಲೆಯೆತ್ತಿಕೊಂಡು ಮತ್ತೆ ಸಂತೆಗೆ ಬರುವಂತಾಗಲಿ. ಅದು ನಮ್ಮ ನಿಮ್ಮ ಕೈಯಲ್ಲಿದೆ.