ಆಟೊದೊಳಗಿನ ಪುಟ್ಟ ಡ್ಯಾಮು

ಮಕ್ಕಳೇ, ಮಳೆಗಾಲದಲ್ಲಿ ತುಂಗಭದ್ರೆ ಮೈದುಂಬಿ ಬಂದಾಗ ನಮ್ಮ ಕಡೆಯ ಹೊಳೆಸಾಲಿನ ಊರುಗಳಲ್ಲಿ ಒಂದು ದನಿ ಸುತ್ತಾಡುತ್ತದೆ. ಸರಕು ಆಟೊದ ತಲೆಯ ಮೇಲೆ ಕಹಳೆಯಂಥ ಎರಡು ಸ್ಪೀಕರು, ಒಳಗೆ ಮೈಕು ಹಿಡಿದು ಕೂತ ಒಬ್ಬರು. ಡ್ಯಾಮಿನಿಂದ ನದಿಗೆ ನೀರು ಬಿಡುತ್ತಿದ್ದಾರೆ, ಯಾರೂ ಹೊಳೆಗೆ ಇಳಿಯಬೇಡಿ, ದನಗಳ ಮೈತೊಳೆಯಲು ಹೋಗಬೇಡಿ, ಬಟ್ಟೆ ಒಗೆಯಲು ಹೋಗಬೇಡಿ ಎಂದು ಆ ದನಿ ಓಣಿ ಓಣಿಗೂ ಹೇಳಿಕೊಂಡು ಹೋಗುತ್ತದೆ. ಹಿಂದೆ ಇದನ್ನೇ ಡಂಗುರ ಹೊಡೆದು ಸಾರುತ್ತಿದ್ದರು. ಡಂಗುರಕ್ಕೆ ಕೋಲು ಮತ್ತು ಗಟ್ಟಿ ರಟ್ಟೆ ಇದ್ದರೆ ಸಾಕಿತ್ತು. ಮೈಕಿಗೆ ಕರೆಂಟು ಬೇಕು. ಭತ್ತದ ಗದ್ದೆಯ ನಡುವಿನ ದಾರಿಯಲ್ಲಿ ಅದಕ್ಕೆ ಕರೆಂಟು ಕೊಡುವವರು ಯಾರು?

ಒಂದು ಸಂಜೆ ಕಂಪ್ಲಿಯ ಹೊಳೆ ದಂಡೆಯಲ್ಲಿ ಇದಕ್ಕೆ ಉತ್ತರ ನನ್ನ ಕಣ್ಣೆದುರೇ ಸಿಕ್ಕಿತು. ಅಂಥದೊಂದು ಆಟೊ ಸೇತುವೆ ಹತ್ತಿರ ನಿಂತಿತ್ತು. ಡೀಸೆಲ್ ಉಳಿಯಲಿ ಎಂದು ಚಾಲಕ ಎಂಜಿನ್ ಆರಿಸಿದ್ದ. ಮೈಕು ಮಾತಾಡುತ್ತಲೇ ಇತ್ತು. ಬಹಳ ಹೊತ್ತಾದ ಮೇಲೆ ದನಿ ಗೊಗ್ಗರಾಯಿತು, ಆಮೇಲೆ ತುಂಡು ತುಂಡಾಯಿತು, ಕೊನೆಗೆ ನಿಂತೇಹೋಯಿತು. ಚಾಲಕ ಕೀಲಿ ತಿರುಗಿಸಿದ. 'ಟಕ್ ಟಕ್ ಟಕ್' ಎಂದಿತೇ ಹೊರತು ಗಾಡಿ ಏಳಲಿಲ್ಲ. "ಬ್ಯಾಟ್ರಿ ಇಳದೇತ್ರೀ" ಎಂದ. ನಾವು ನಾಲ್ಕೈದು ಮಂದಿ ಹಿಂದಿನಿಂದ ನೂಕಿದೆವು. ಗಾಡಿ ಕೆಮ್ಮಿ ಎದ್ದಿತು. ಅತ್ತ ಹೊಳೆ ಏರುತ್ತಿತ್ತು, ಇತ್ತ ಎಚ್ಚರಿಸಬೇಕಾದ ದನಿಯೇ ಕಟ್ಟಿತ್ತು. ಆ ಕೆಲವು ನಿಮಿಷ ಎಷ್ಟು ಉದ್ದವಾಗಿದ್ದವು ಎಂಬುದು ನನಗೆ ಇನ್ನೂ ನೆನಪಿದೆ.

ಹೊಸಪೇಟೆ ಸುತ್ತಮುತ್ತಲ ಮಕ್ಕಳಿಗೆ ಬ್ಯಾಟರಿಯ ಲೆಕ್ಕ ಹೇಳಿಕೊಡುವುದು ಸುಲಭ ಎಂದು ನನಗೆ ಮೊದಲಿನಿಂದಲೂ ಅನಿಸಿದೆ. ಏಕೆಂದರೆ ನಿಮ್ಮ ಮನೆಯಲ್ಲಿ ದಿನಾ ಬೆಳಿಗ್ಗೆ ಯಾರಾದರೂ ಪೇಪರು ತೆರೆದು ತುಂಗಭದ್ರಾ (ಟಿ.ಬಿ.) ಡ್ಯಾಮಿನ ಲೆಕ್ಕ ಓದುತ್ತಾರೆ: ಮಟ್ಟ ಎಷ್ಟು ಅಡಿ, ಒಳಹರಿವು ಎಷ್ಟು ಕ್ಯೂಸೆಕ್, ಹೊರಹರಿವು ಎಷ್ಟು, ಸಂಗ್ರಹ ಎಷ್ಟು ಟಿ.ಎಂ.ಸಿ. ಆಟೊದ ಬ್ಯಾಟರಿಗೂ ಇದೇ ನಾಲ್ಕು ಲೆಕ್ಕ. ಮಟ್ಟಕ್ಕೆ ವೋಲ್ಟ್ ಎನ್ನುತ್ತಾರೆ, ಹರಿವಿಗೆ ಆಂಪಿಯರ್ ಎನ್ನುತ್ತಾರೆ, ಸಂಗ್ರಹಕ್ಕೆ ಆಂಪಿಯರ್-ಗಂಟೆ ಎನ್ನುತ್ತಾರೆ.

ಬ್ಯಾಟರಿಯ ಕಪ್ಪು ಡಬ್ಬಿಯೊಳಗೆ ಆರು ಕೋಣೆಗಳಿವೆ. ಒಂದೊಂದರಲ್ಲೂ ಸೀಸದ ತಟ್ಟೆಗಳು, ಸುತ್ತ ನೀರು ಬೆರೆಸಿದ ಗಂಧಕಾಮ್ಲ. ಒಂದು ಕೋಣೆ ಸುಮಾರು 2.1 ವೋಲ್ಟ್ ಕೊಡುತ್ತದೆ. ಆರೂ ಸೇರಿ 12.6. ನಾವು ಬಾಯಿಮಾತಿಗೆ 12 ವೋಲ್ಟ್ ಬ್ಯಾಟರಿ ಎನ್ನುತ್ತೇವೆ. ಸೀಸ ಮತ್ತು ಆಮ್ಲದ ಇಂಥ ಬ್ಯಾಟರಿಯನ್ನು ಮೊದಲು ಮಾಡಿದವನು ಫ್ರಾನ್ಸಿನ ಗ್ಯಾಸ್ಟನ್ ಪ್ಲಾಂಟೆ, 1859ರಲ್ಲಿ. ಆಗ ಪೆಟ್ರೋಲಿನ ಕಾರೇ ಹುಟ್ಟಿರಲಿಲ್ಲ!

ಡ್ಯಾಮು ತುಂಬಿದರೆ ಮಟ್ಟ 1633 ಅಡಿ. ಮಟ್ಟ ಕೆಲವೇ ಅಡಿ ಇಳಿದರೂ ಎಷ್ಟೋ ನೀರು ಖಾಲಿಯಾಗಿರುತ್ತದೆ. ಬ್ಯಾಟರಿಯೂ ಹಾಗೆಯೇ. 12.6ರಿಂದ 12ಕ್ಕೆ ಇಳಿದರೆ 'ಅರ್ಧ ವೋಲ್ಟ್ ತಾನೇ' ಎನಿಸುತ್ತದೆ. ಆದರೆ ಅಷ್ಟರಲ್ಲಿ ಒಳಗಿನ ಸಂಗ್ರಹದ ಬಹುಪಾಲು ಹೋಗಿರುತ್ತದೆ.

ಈಗ ಆ ಸಂಜೆಯ ಲೆಕ್ಕ ಹಾಕೋಣ. ಬ್ಯಾಟರಿಯ ಮೇಲೆ 35 ಆಂಪಿಯರ್-ಗಂಟೆ ಎಂದು ಬರೆದಿದೆ ಎಂದುಕೊಳ್ಳಿ. ಮೈಕಿನ ಆಂಪ್ಲಿಫೈಯರ್ ಗಟ್ಟಿಯಾಗಿ ಕೂಗುವಾಗ 10 ಆಂಪಿಯರ್ ಎಳೆಯುತ್ತದೆ ಎಂದುಕೊಳ್ಳಿ. 35ನ್ನು 10ರಿಂದ ಭಾಗಿಸಿದರೆ ಮೂರೂವರೆ ಗಂಟೆ. ಲೆಕ್ಕ ಸರಿಯಾಗಿದೆ, ಆದರೆ ಗಾಡಿ ಮತ್ತೆ ಏಳಬೇಕಲ್ಲ? ಕೀಲಿ ತಿರುಗಿಸಿದಾಗ ಸ್ಟಾರ್ಟರ್ ಮೋಟಾರು ಒಂದೆರಡು ಸೆಕೆಂಡಿನ ಮಟ್ಟಿಗೆ ನೂರಕ್ಕೂ ಹೆಚ್ಚು ಆಂಪಿಯರ್ ಒಂದೇ ಗುಟುಕಿಗೆ ಕುಡಿಯುತ್ತದೆ. ಅದಕ್ಕೆಂದು ಅರ್ಧ ಬ್ಯಾಟರಿಯಾದರೂ ಮಿಗಿಸಬೇಕು. ಹಾಗಾಗಿ ಎಂಜಿನ್ ಆರಿಸಿ ಮೈಕು ಹಚ್ಚಿದರೆ ಒಂದೂವರೆ ಗಂಟೆ ದಾಟಿಸಬಾರದು. ಬ್ಯಾಟರಿ ಹಳೆಯದಾದರೆ ಅಷ್ಟೂ ಇಲ್ಲ. ನಮ್ಮ ಡ್ಯಾಮು ಕಟ್ಟಿದಾಗ 133 ಟಿ.ಎಂ.ಸಿ. ಹಿಡಿಯುತ್ತಿತ್ತು. ಹೂಳು ತುಂಬಿ ಈಗ 105ರ ಆಸುಪಾಸಿಗೆ ಬಂದಿದೆ. ಬ್ಯಾಟರಿಯಲ್ಲೂ ಒಂದು ಬಗೆಯ ಹೂಳು ಕೂಡುತ್ತದೆ. ಕರೆಂಟು ಕೊಡುವಾಗ ತಟ್ಟೆಗಳ ಮೇಲೆ ಸೀಸದ ಸಲ್ಫೇಟ್ ಎಂಬ ಬಿಳಿ ಪದರ ಕಟ್ಟುತ್ತದೆ, ಚಾರ್ಜ್ ಆದಾಗ ಕರಗುತ್ತದೆ. ಬ್ಯಾಟರಿಯನ್ನು ಖಾಲಿಯಾಗಿಯೇ ಬಹಳ ದಿನ ಬಿಟ್ಟರೆ ಆ ಪದರ ಗಟ್ಟಿಯಾಗಿ ಕೂತು ಮತ್ತೆ ಕರಗಲು ಒಪ್ಪುವುದಿಲ್ಲ.

ಹಾಗಾದರೆ ಒಳಹರಿವು ಎಲ್ಲಿಂದ? ಎಂಜಿನ್ ಪಕ್ಕದಲ್ಲಿ ತೆಂಗಿನಕಾಯಿ ಗಾತ್ರದ ಆಲ್ಟರ್ನೇಟರ್ ಎಂಬ ಸಲಕರಣೆ ಇದೆ. ಎಂಜಿನ್ ಒಂದು ಬೆಲ್ಟಿನಿಂದ ಅದನ್ನು ತಿರುಗಿಸುತ್ತದೆ. ಒಳಗೆ ಅಯಸ್ಕಾಂತ ತಿರುಗುತ್ತದೆ, ಸುತ್ತಲಿನ ತಾಮ್ರದ ಸುರುಳಿಗಳಲ್ಲಿ ಕರೆಂಟು ಹುಟ್ಟುತ್ತದೆ. ತಂತಿ ಸುರುಳಿಯ ಹತ್ತಿರ ಅಯಸ್ಕಾಂತ ಅಲುಗಿದರೆ ಕರೆಂಟು ಹುಟ್ಟುತ್ತದೆ ಎಂಬುದನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಕೊಂಡ. ಟಿ.ಬಿ. ಡ್ಯಾಮಿನ ಬುಡದ ವಿದ್ಯುದಾಗಾರದಲ್ಲೂ ನಡೆಯುವುದು ಇದೇ. ಅಲ್ಲಿ ನೀರು ತಿರುಗಿಸುತ್ತದೆ, ಇಲ್ಲಿ ಎಂಜಿನ್ ತಿರುಗಿಸುತ್ತದೆ. ಹುಟ್ಟಿದ ಕರೆಂಟು ಹಿಂದೆ ಮುಂದೆ ಓಲಾಡುವಂಥದು, ಬ್ಯಾಟರಿಗೋ ಒಂದೇ ದಿಕ್ಕಿನದು ಬೇಕು. ನಡುವೆ ಡಯೋಡುಗಳಿವೆ. ಅವು ಒಂದೇ ಕಡೆಗೆ ತೆರೆಯುವ ಬಾಗಿಲುಗಳು.

ಆಲ್ಟರ್ನೇಟರ್ ಎಷ್ಟು ವೋಲ್ಟ್ ಕೊಡುತ್ತದೆ ಗೊತ್ತೇ? 14ರ ಹತ್ತಿರ. ಬ್ಯಾಟರಿ 12.6 ಇರುವಾಗ ಇದೇಕೆ ಹೆಚ್ಚು? ವಿಜಯನಗರದ ಅರಸರ ಕಾಲದಲ್ಲಿ ತೋಡಿದ ರಾಯ ಕಾಲುವೆ, ಬಸವಣ್ಣ ಕಾಲುವೆಗಳನ್ನು ನೋಡಿ ಬನ್ನಿ, ಉತ್ತರ ಅಲ್ಲಿದೆ. ಕಾಲುವೆ ಗದ್ದೆಗಿಂತ ಎತ್ತರದಲ್ಲಿದ್ದರೆ ಮಾತ್ರ ನೀರು ತೂಬು ದಾಟಿ ಗದ್ದೆಗೆ ಇಳಿಯುತ್ತದೆ. 14ರಿಂದ 12.6ಕ್ಕೆ ಕರೆಂಟು ಇಳಿಯುವುದೂ ಹಾಗೆಯೇ. ಆದರೆ ಎಂಜಿನ್ ನಿಧಾನವಾಗಿ ಗುರುಗುಡುವಾಗ ಆಲ್ಟರ್ನೇಟರಿನ ಕೊಡುಗೆ ಕಡಿಮೆ, ವೇಗವಾಗಿ ಓಡುವಾಗ ಹೆಚ್ಚು. ಅದಕ್ಕೇ ನಿಂತಲ್ಲೇ ನಿಂತು ದೀಪ, ಫ್ಯಾನು, ಹಾಡು ಎಲ್ಲ ಹಚ್ಚಿದರೆ, ಎಂಜಿನ್ ಓಡುತ್ತಿದ್ದರೂ ಬ್ಯಾಟರಿ ಇಳಿಯಬಹುದು. ಒಳಹರಿವಿಗಿಂತ ಹೊರಹರಿವು ಹೆಚ್ಚಾದರೆ ಡ್ಯಾಮಿಗೆ ಏನಾಗುತ್ತದೋ ಅದೇ.

ಈಗ ತಂತಿಯ ವಿಷಯಕ್ಕೆ ಬರುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಗಾಡಿಗಳು ಸುಡುವುದು ಇಲ್ಲಿಯೇ. ಅದೇ ಆಂಪ್ಲಿಫೈಯರನ್ನು ಮನೆಯ 230 ವೋಲ್ಟಿಗೆ ಸಿಕ್ಕಿಸಿದರೆ ಸುಮಾರು ಅರ್ಧ ಆಂಪಿಯರ್ ಹರಿದರೆ ಸಾಕು. ಆಟೊದ 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. ಜೋಗದಲ್ಲಿ ನೀರು 830 ಅಡಿ ಎತ್ತರದಿಂದ ಬೀಳುತ್ತದೆ. ಅಷ್ಟು ಮೇಲಿಂದ ಬಿದ್ದರೆ ಸ್ವಲ್ಪ ನೀರೇ ಬೇಕಾದಷ್ಟು ಕೆಲಸ ಮಾಡುತ್ತದೆ. ಗಿಡ್ಡ ಒಡ್ಡಿನಿಂದ ಅಷ್ಟೇ ಕೆಲಸ ಮಾಡಿಸಬೇಕಾದರೆ ರಾಶಿ ನೀರು ಬಿಡಬೇಕು. 12 ವೋಲ್ಟ್ ಗಿಡ್ಡ ಒಡ್ಡು. ರಾಶಿ ಕರೆಂಟು ಹರಿಯಲು ತಂತಿ ದಪ್ಪಗಿರಬೇಕು. ನೂಲಿನಷ್ಟು ತೆಳುವಾದ ತಂತಿ ಹಾಕಿದರೆ ಅದು ಕಾಯುತ್ತದೆ. ಹರಿವು ಎರಡು ಪಟ್ಟಾದರೆ ಕಾವು ನಾಲ್ಕು ಪಟ್ಟಾಗುತ್ತದೆ. ಪ್ಲಾಸ್ಟಿಕ್ ಕರಗುತ್ತದೆ, ಆಮೇಲೆ ಬೆಂಕಿ.

ಇದನ್ನು ತಡೆಯಲು ಒಬ್ಬ ಕಾವಲುಗಾರನಿದ್ದಾನೆ. ಮನೆಯವರಿಗೆ ಹೇಳಿ, ಕಾರಿನ ಫ್ಯೂಸ್ ಡಬ್ಬಿಯಿಂದ ಒಂದು ಫ್ಯೂಸ್ ತೆಗೆಸಿ ಅಂಗೈ ಮೇಲಿಟ್ಟು ನೋಡಿ. ಉಗುರಿನಷ್ಟು ಪ್ಲಾಸ್ಟಿಕ್, ಎರಡು ಲೋಹದ ಕಾಲು. ಕೆಂಪಾದರೆ 10 ಆಂಪಿಯರ್, ನೀಲಿಯಾದರೆ 15, ಹಳದಿಯಾದರೆ 20, ಹಸಿರಾದರೆ 30. ಬೆಳಕಿಗೆ ಹಿಡಿದರೆ ಒಳಗೆ ಎರಡು ಕಾಲುಗಳ ನಡುವೆ ಬಾಗಿದ ಒಂದು ಸಣ್ಣ ಲೋಹದ ಪಟ್ಟಿ ಕಾಣುತ್ತದೆ. ಮಿತಿ ಮೀರಿ ಕರೆಂಟು ಹರಿದರೆ ಈ ಪಟ್ಟಿ ಮೊದಲು ಕರಗಿ ತುಂಡಾಗುತ್ತದೆ, ದಾರಿ ಮುಚ್ಚುತ್ತದೆ, ತಂತಿ ಉಳಿಯುತ್ತದೆ. ಡ್ಯಾಮಿನ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ. 2024ರ ಆಗಸ್ಟ್ 10ರ ರಾತ್ರಿ ಚೈನು ಕಡಿದು ಟಿ.ಬಿ. ಡ್ಯಾಮಿನ 19ನೇ ಕ್ರಸ್ಟ್ ಗೇಟು ಕೊಚ್ಚಿಹೋದದ್ದು ನಿಮಗೆ ನೆನಪಿರಬಹುದು. ಅಲ್ಲಿ ಗೇಟು ಹೋಯಿತೆಂದು ನೀರು ನಿಲ್ಲದೆ ಹರಿಯಿತು. ಫ್ಯೂಸ್ ಹೋದರೆ ಹರಿವೇ ನಿಲ್ಲುತ್ತದೆ. ಆದ್ದರಿಂದ ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಚೂರನ್ನೋ ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆಯನ್ನೋ ಸುತ್ತಿ ಹಾಕುವವರನ್ನು ಕಂಡರೆ ತಡೆಯಿರಿ. ಅವರು ಕಾವಲುಗಾರನನ್ನೇ ಮನೆಗೆ ಕಳಿಸುತ್ತಿದ್ದಾರೆ.

ಇನ್ನೊಂದು ಸೋಜಿಗ. ಆಟೊದ ದೀಪಕ್ಕೋ ಹಾರ್ನಿಗೋ ಬಹಳಷ್ಟು ಕಡೆ ಒಂದೇ ತಂತಿ ಹೋಗಿರುತ್ತದೆ. ಕರೆಂಟು ಹಿಂತಿರುಗುವ ದಾರಿ ಯಾವುದು? ಗಾಡಿಯ ಕಬ್ಬಿಣದ ಮೈಯೇ ಎರಡನೇ ತಂತಿ! ಬ್ಯಾಟರಿಯ ಮೈನಸ್ ತುದಿಯನ್ನು ಮೈಗೆ ಬಿಗಿದಿರುತ್ತಾರೆ. ಇದಕ್ಕೆ ಅರ್ತಿಂಗ್ ಎನ್ನುತ್ತಾರೆ. ಬಣ್ಣ ಕೆರೆಯದೆ ಬಿಗಿದರೆ, ಇಲ್ಲವೇ ತುಕ್ಕು ಹಿಡಿದರೆ, ದೀಪ ಮಿಣುಕುತ್ತದೆ, ಮೈಕು ಗೊರಗುಟ್ಟುತ್ತದೆ.

ಸಂಡೂರಿನ ಗಣಿ ದಾರಿಯಲ್ಲಿ ಕೆಂಪು ಧೂಳು ಮೆತ್ತಿಕೊಂಡು ಬರುವ ಅದಿರು ಲಾರಿಗಳದ್ದು ಬೇರೆ ಸಂಸಾರ. ದೊಡ್ಡ ಎಂಜಿನ್ ತಿರುಗಿಸಲು 12 ಸಾಲದು. ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿ 24 ವೋಲ್ಟ್ ಮಾಡಿರುತ್ತಾರೆ. ಕಾರಿನ 12 ವೋಲ್ಟಿನ ಟೇಪ್ ರೆಕಾರ್ಡರನ್ನು ನೇರವಾಗಿ ಇದಕ್ಕೆ ಕಟ್ಟಿದರೆ ಸುಟ್ಟುಹೋಗುತ್ತದೆ. ಅದಕ್ಕೆ ಕೆಲವರು ಒಂದೇ ಬ್ಯಾಟರಿಯಿಂದ 12 ವೋಲ್ಟ್ ಕದಿಯುತ್ತಾರೆ. ಹಾಡು ಕೇಳಿಸುತ್ತದೆ, ನಿಜ. ಆದರೆ ಒಂದು ಬ್ಯಾಟರಿ ದಿನಾ ಬಳಲುತ್ತದೆ, ಇನ್ನೊಂದಕ್ಕೆ ಅಳತೆ ಮೀರಿ ಚಾರ್ಜ್ ಆಗುತ್ತದೆ. ಎತ್ತು ಏರಿಗೆಳೆದು ಕೋಣ ನೀರಿಗೆಳೆದಂತೆ, ಎರಡೂ ಬೇಗ ಹಾಳು. ತಿಳಿದ ಮೆಕ್ಯಾನಿಕ್ 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಹಾಕುತ್ತಾನೆ. ಆಗ ಎರಡು ಬ್ಯಾಟರಿಗಳೂ ಸಮವಾಗಿ ಹೊರೆ ಹೊರುತ್ತವೆ. ಇನ್ನು ಹಂಪಿಯಲ್ಲಿ ವಿಜಯ ವಿಠ್ಠಲ ದೇವಸ್ಥಾನಕ್ಕೆ ಸದ್ದಿಲ್ಲದೆ ಓಡುವ ಬ್ಯಾಟರಿ ಗಾಡಿಗಳಲ್ಲಿ ನೀವು ಕೂತಿರಬಹುದು. ಅವಕ್ಕೆ ಎಂಜಿನ್ ಇಲ್ಲ, ಆಲ್ಟರ್ನೇಟರೂ ಇಲ್ಲ. ರಾತ್ರಿ ಗೋಡೆಯ ಪ್ಲಗ್ಗಿನಿಂದ ತುಂಬಿಸಿಕೊಂಡದ್ದೇ ಅವುಗಳ ಹಗಲಿನ ಬುತ್ತಿ.

ನಿಮ್ಮ ಕೈ ಮಾತ್ರ ಬ್ಯಾಟರಿಯಿಂದ ದೂರವಿರಲಿ, ದೊಡ್ಡವರು ಜೊತೆಗಿದ್ದಾಗ ನೋಡಿದರೆ ಸಾಕು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಎಂಬ ಧೈರ್ಯ ಬೇಡ. ಕೈಬಳೆಯೋ ಸ್ಪ್ಯಾನರೋ ಎರಡೂ ತುದಿಗೆ ಒಮ್ಮೆಗೇ ತಾಗಿದರೆ ಕ್ಷಣದಲ್ಲಿ ಕೆಂಡವಾಗುತ್ತದೆ. ಚಾರ್ಜ್ ಆಗುವಾಗ ಹೊರಡುವ ಜಲಜನಕ ಕಿಡಿ ತಾಗಿದರೆ ಸಿಡಿಯುತ್ತದೆ.

ಮುಂದಿನ ಮಳೆಗಾಲಕ್ಕೆ, ಕಂಪ್ಲಿಯಲ್ಲಿ ಕಂಡ ಅದೇ ಆಟೊ ಮತ್ತೆ ಬಂತು. ನಾನು ಕುತೂಹಲದಿಂದ ಇಣುಕಿದೆ. ಬ್ಯಾಟರಿಯಿಂದ ಬೆರಳು ದಪ್ಪದ ಕೆಂಪು ತಂತಿ ಹೊರಟಿತ್ತು. ಗೇಣು ದೂರ ಹೋಗುವಷ್ಟರಲ್ಲೇ ಅದರ ಮೇಲೊಂದು ಫ್ಯೂಸ್, ಹಳದಿಯದು. ಆಮೇಲೆ ಆಂಪ್ಲಿಫೈಯರ್. ಎಂಜಿನ್ ಓಡುತ್ತಿತ್ತು. ಮೈಕಿನ ಮಾತಿನ ಹಿಂದೆ ಜೀರುಂಡೆಯಂಥ 'ಜುಂಯ್' ಸದ್ದೊಂದು ಸಣ್ಣಗೆ ಕೇಳುತ್ತಿತ್ತು. ಚಾಲಕ ಆಕ್ಸಿಲರೇಟರ್ ಒತ್ತಿದಾಗ ಆ ಸದ್ದು ಏರುತ್ತಿತ್ತು, ಬಿಟ್ಟಾಗ ಇಳಿಯುತ್ತಿತ್ತು. ಅದು ಆಲ್ಟರ್ನೇಟರಿನ ಸ್ವಂತ ದನಿ, ತಂತಿಯೊಳಗೆ ನುಸುಳಿ ಸ್ಪೀಕರಿಗೆ ಬಂದದ್ದು. ಗಾಡಿ ಹೊಳೆಯ ದಾರಿ ಹಿಡಿಯಿತು. ಮಾತು ನಿಂತ ಮೇಲೂ ಕಬ್ಬಿನ ಗದ್ದೆಯಾಚೆಯಿಂದ ಆ ಜುಂಯ್ ಸ್ವಲ್ಪ ಹೊತ್ತು ಕೇಳುತ್ತಲೇ ಇತ್ತು.