ಮದ್ದಿಗೆ ಪ್ರಮಾಣವೇನು?

(ದಾವಣಗೆರೆಯ ಶಿಕ್ಷಕರ ಕೂಟವೊಂದರಲ್ಲಿ ಮಾಡಿದ ಭಾಷಣ)



ನಮ್ಮ ದಾವಣಗೆರೆಯಲ್ಲಿ 1965ರಿಂದ ಜೆ.ಜೆ.ಎಂ. ವೈದ್ಯಕೀಯ ಮಹಾವಿದ್ಯಾಲಯವು ನಡೆಯುತ್ತಲಿದೆ. ಇದೇ ಊರಿನಲ್ಲಿ ಆಯುರ್ವೇದವನ್ನು ಕಲಿಸುವ ವಿದ್ಯಾಲಯವೂ ಉಂಟು. ಮನೆಮನೆಯ ನಾಟಿಮದ್ದಂತೂ ಇದ್ದೇ ಇದೆ. ರೋಗಿಯು ಯಾವುದನ್ನು ನಂಬತಕ್ಕದ್ದು? ಸ್ವದೇಶಿಯೇ ಶ್ರೇಷ್ಠವೆಂದು ಒಬ್ಬರು, ಹಳೆಯದೆಲ್ಲವೂ ಮೂಢತನವೆಂದು ಇನ್ನೊಬ್ಬರು ವಾದಿಸುವರು. ಇಬ್ಬರೂ ವಿಚಾರಿಸುವುದು ಮದ್ದಿನ ಕುಲವನ್ನೇ ಹೊರತು ಗುಣವನ್ನಲ್ಲ.

ಕಾಮಾಲೆಯನ್ನೇ ನೋಡಿರಿ. ಕಣ್ಣು ಹಳದಿಯಾದ ಹುಡುಗನಿಗೆ ಸೊಪ್ಪಿನ ರಸವನ್ನು ಕುಡಿಸುವರು. ಕೆಲವು ವಾರಗಳಲ್ಲಿ ಕಣ್ಣು ತಿಳಿಯಾಗುವುದು. ರಸಕ್ಕೆ ಕೀರ್ತಿ ಬರುವುದು. ಆದರೆ ಮಲಿನವಾದ ನೀರಿನಿಂದ ಹರಡುವ 'ಎ' ಬಗೆಯ ಕಾಮಾಲೆಯು ಬಹುಮಂದಿಯಲ್ಲಿ ತಾನಾಗಿಯೇ ಇಳಿಯತಕ್ಕದ್ದು. ರಸವನ್ನು ಕುಡಿಯದವನೂ ಗುಣಹೊಂದುತ್ತಿದ್ದನೇ ಎಂದು ಯಾರೂ ಕೇಳುವುದಿಲ್ಲ. ಅದೇ ಹಳದಿಯು ಪಿತ್ತನಾಳದ ತಡೆಯಿಂದ ಬಂದುದಾದರೆ, ಸೊಪ್ಪನ್ನು ನಂಬಿ ಕಳೆದ ವಾರಗಳು ಜೀವಕ್ಕೇ ಮುಳುವಾದಾವು.

ಪ್ರಮಾಣವು ಹುಟ್ಟುವುದು ಹೋಲಿಕೆಯಿಂದ. ಬ್ರಿಟನ್ನಿನಲ್ಲಿ ನಡೆದು 1948ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ 107 ಮಂದಿ ಕ್ಷಯರೋಗಿಗಳನ್ನು, ವೈದ್ಯರ ಇಚ್ಛೆಗೆ ಬಿಡದೆ, ಚೀಟಿಯೆತ್ತಿದಂತೆ ಎರಡು ಪಂಗಡವಾಗಿ ವಿಂಗಡಿಸಿದರು. 55 ಮಂದಿಗೆ ವಿಶ್ರಾಂತಿಯೊಡನೆ ಸ್ಟ್ರೆಪ್ಟೊಮೈಸಿನ್. 52 ಮಂದಿಗೆ ಬರಿಯ ವಿಶ್ರಾಂತಿ. ಆರು ತಿಂಗಳಲ್ಲಿ ಮೊದಲಿನವರಲ್ಲಿ 4 ಮಂದಿ, ಎರಡನೆಯವರಲ್ಲಿ 14 ಮಂದಿ ಮಡಿದರು. ದಿನ ಕಳೆದಂತೆ ರೋಗಾಣುಗಳು ಆ ಮದ್ದಿಗೆ ಜಗ್ಗದಾದುದನ್ನೂ ಅದೇ ಪರೀಕ್ಷೆಯು ಮುಚ್ಚಿಡದೆ ತಿಳಿಸಿತು. ಪ್ರಾಮಾಣಿಕತೆಯೆಂದರೆ ಇದು.

ಈ ಒರೆಗಲ್ಲಿಗೆ ನಮ್ಮ ಮೂಲಿಕೆಗಳು ಅಂಜಬೇಕಾದುದಿಲ್ಲ. ನಮ್ಮ ವೈದ್ಯರು ಹಿಂದಿನಿಂದ ಬಳಸುತ್ತಿದ್ದ ಸರ್ಪಗಂಧಿಯ ಬೇರಿನ ಗುಣವನ್ನು 1931ರಲ್ಲಿ ಸೇನ್ ಮತ್ತು ಬೋಸ್ ಎಂಬವರು ವಿವರಿಸಿದರು. 1949ರಲ್ಲಿ ಮುಂಬಯಿಯ ಡಾಕ್ಟರ್ ರುಸ್ತುಂ ಜಾಲ್ ವಕೀಲರು ರಕ್ತದ ಒತ್ತಡವುಳ್ಳ 50 ಮಂದಿ ರೋಗಿಗಳಲ್ಲಿ ಕಂಡ ಫಲವನ್ನು ಪ್ರಕಟಿಸಿದರು. 1952ರಲ್ಲಿ ಆ ಬೇರಿನಿಂದ ರೆಸರ್ಪಿನ್ ಎಂಬ ಸತ್ತ್ವವು ದೊರೆಯಿತು. ಜಗತ್ತು ಅದನ್ನು ಕೊಂಡಾಡಿದುದು ಹಳೆಯದೆಂದಲ್ಲ, ಫಲ ಕಂಡಿತೆಂದು.

ಮೂಲಿಕೆಯಾದುದರಿಂದ ಕೇಡಿಲ್ಲವೆಂಬುದೂ ಸಲ್ಲದು. ಬಾಸ್ಟನ್ ನಗರದ ಅಂಗಡಿಗಳಲ್ಲಿ ಮಾರುತ್ತಿದ್ದ 70 ಆಯುರ್ವೇದ ಮದ್ದುಗಳನ್ನು ಪರೀಕ್ಷಿಸಿ 2004ರಲ್ಲಿ ಪ್ರಕಟಿಸಿದಾಗ, 14ರಲ್ಲಿ ಸೀಸ, ಪಾದರಸ ಇಲ್ಲವೆ ಪಾಷಾಣವು ಸಿಕ್ಕಿದ್ದಿತು.

ನೆರೆಯ ಹರಿಹರದಲ್ಲಿ 1224ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಗುಡಿಯಲ್ಲಿ ಹರಿಯೂ ಹರನೂ ಒಂದೇ ವಿಗ್ರಹವಾಗಿ ನಿಂತಿರುವರು. ಹಾಗೆಯೇ ಎಲ್ಲ ಮದ್ದನ್ನೂ ಬೆರೆಸಿ ಕುಡಿಯಿರೆಂದು ನಾನು ಹೇಳುವವನಲ್ಲ. ಎಲ್ಲಕ್ಕೂ ಒಂದೇ ತಕ್ಕಡಿಯಿರಲೆಂದು ಹೇಳುವೆನು. ನಮ್ಮ ಪೇಟೆಯ ತಕ್ಕಡಿಯು ಹತ್ತಿಯು ಯಾರ ಹೊಲದ್ದೆಂದು ಕೇಳುವುದುಂಟೇ?

ಆದಕಾರಣ ಗುರುಗಳೇ, ಮೂರು ಪ್ರಶ್ನೆಗಳನ್ನು ಮಕ್ಕಳಿಗೆ ಕಲಿಸಿರಿ: ಮದ್ದನ್ನು ಕೊಂಡವರೆಷ್ಟು ಮಂದಿ? ಕೊಳ್ಳದವರ ಗತಿಯೇನಾಯಿತು? ಗುಣವಾಗದವರ ಲೆಕ್ಕವೆಲ್ಲಿ? ಇಷ್ಟನ್ನು ಕೇಳಬಲ್ಲ ಮಗುವು ನಾಳೆ ತನ್ನ ಮನೆಯಲ್ಲೊಂದು ಜೀವವನ್ನು ಉಳಿಸೀತು.